ಕೈ ಕಪ್ಪಾಗದ ಮೆಕ್ಯಾನಿಕ್

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹಸಿರು ಗೇಟಿನ ಮನೆಯೊಂದರ ಮುಂದೆ ಹಳೆಯ ಕಾರು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರ ಒಡತಿ ಆಸ್ಪತ್ರೆಯ ನರ್ಸ್. ಯೂನಿಫಾರಂ ಮೇಲೆ ಸ್ವೆಟರ್ ಎಳೆದುಕೊಂಡು ಒಳಗೆ ಕೂತು ಕೀ ತಿರುಗಿಸುತ್ತಾರೆ. ಟಕ್ ಟಕ್ ಟಕ್ ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎರಡು ಹೆಜ್ಜೆ ಆಚೆ ಐವತ್ತಾರು ವರ್ಷದ ತೆಳ್ಳನೆಯ ಮನುಷ್ಯರೊಬ್ಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾರೆ.

"ಇನ್ನೊಂದ್ಸಲ ತಿರುಗಿಸಿ. ಈ ಸಲ ಹೆಡ್‌ಲೈಟ್ ಹಾಕ್ಕೊಂಡು."

"ಲೈಟ್ ಮಂಕಾಗೋಯ್ತು ಚಿಕ್ಕಪ್ಪ."

"ಮಂಕಾಯ್ತಾ, ಸತ್ತೇ ಹೋಯ್ತಾ?"

"ಸಾಯೋ ಹಂಗಾಯ್ತು."

"ನೀವು ನರ್ಸಮ್ಮ. ಸಾಯೋ ಹಂಗಾಗೋದು ಬೇರೆ, ಸಾಯೋದು ಬೇರೆ ಅಂತ ನಾನು ಹೇಳ್ಕೊಡ್ಬೇಕಾ? ಇಳೀರಿ. ಕೈಲಿರೋ ಉಂಗುರ ತೆಗೆದಿಡಿ. ಬ್ಯಾಟರಿ ಮೇಲೆ ಕ್ಲಾಂಪ್ ಇದೆಯಲ್ಲ, ಅದನ್ನ ಹಿಡಿದು ಅಲ್ಲಾಡಿಸಿ ನೋಡಿ."

ಕ್ಲಾಂಪ್ ಬಾಟಲಿಯ ಮುಚ್ಚಳದಂತೆ ಸರಾಗವಾಗಿ ತಿರುಗುತ್ತದೆ. ಅದರ ಸುತ್ತ ಹಸಿರು ಬೆರೆತ ಬಿಳಿ ಪುಡಿ ಮೆತ್ತಿಕೊಂಡಿದೆ. ಇನ್ನು ಇಪ್ಪತ್ತು ನಿಮಿಷ ಆ ನರ್ಸಮ್ಮನದೇ ಕೆಲಸ. ಮೊದಲು ಮೈನಸ್ ಕಡೆಯದನ್ನು ಬಿಚ್ಚಬೇಕು, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು, ಬಟ್ಟೆಯಲ್ಲಿ ಒರೆಸಬೇಕು, ಮತ್ತೆ ಹಾಕುವಾಗ ಪ್ಲಸ್ ಮೊದಲು. ಬೆನ್ನ ಹಿಂದಿನ ಕೈಗಳು ಒಮ್ಮೆಯೂ ಮುಂದಕ್ಕೆ ಬರುವುದಿಲ್ಲ. ಮಾತು ಮಾತ್ರ ಬರುತ್ತದೆ, ಅದೂ ಬೇಕಾದಷ್ಟೇ. ಕೊನೆಗೆ ಕೀ ತಿರುಗಿಸಿದ ತಕ್ಷಣ ಎಂಜಿನ್ ಗುಡುಗುತ್ತದೆ. ನರ್ಸಮ್ಮನ ಮುಖ ಅರಳುತ್ತದೆ, ಅರಳಿದ ಮುಖದಿಂದ ಒಂದು ಮಾತು ಜಾರುತ್ತದೆ.

"ಅಯ್ಯೋ, ಅಷ್ಟೇನಾ?"

"ಅಷ್ಟೇ" ಎಂದು ಇವರು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಗೇಟು ದಾಟಿ ಸ್ಕೂಟರಿನ ಬಳಿ ಬಂದ ಮೇಲೆ, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, ಜೊತೆಗೆ ಬಂದ ಪತ್ರಿಕೆಯವರಿಗೆ ಹೇಳುತ್ತಾರೆ: "ಮೂವತ್ತೈದು ವರ್ಷದಿಂದ ಕೇಳ್ತಾ ಇದೀನಿ, ಈ ಅಷ್ಟೇನಾ. ಎಂಜಿನ್ ಬಿಚ್ಚೋನಿಗೆ ಯಾರಾದ್ರೂ ಅಷ್ಟೇನಾ ಅಂತಾರಾ? ಅವನು ಎರಡು ದಿನ ಗಾಡಿ ಹರವಿಟ್ಟು ಮೂರನೇ ದಿನ ಕೊಟ್ರೆ ಕೈ ಮುಗೀತಾರೆ. ನಾನು ಇಪ್ಪತ್ತು ನಿಮಿಷದಲ್ಲಿ ಎಬ್ಬಿಸಿದ್ರೆ ಅಷ್ಟೇನಾ."

ಈ ಬಡಾವಣೆಯ ಹತ್ತು ಹನ್ನೆರಡು ಬೀದಿಗಳಿಗೆ ಇವರು ಚಿಕ್ಕಪ್ಪ. ಮೂರು ತಿರುವುಗಳಾಚೆ ಗ್ಯಾರೇಜ್ ಇರುವ ಅಣ್ಣನ ಮಗಳು ಕರೆಯುತ್ತಿದ್ದ ಹೆಸರು ಗಿರಾಕಿಗಳ ಬಾಯಿಗೂ ಹತ್ತಿಕೊಂಡಿತು. ಇವರಿಗೆ ಅದೂ ಇಷ್ಟವಿಲ್ಲ. "ಚಿಕ್ಕಪ್ಪ ಅಂದ್ರೆ ಏನು? ಇನ್ನೊಬ್ಬ ದೊಡ್ಡೋನು ಎಲ್ಲೋ ಇದ್ದಾನೆ ಅಂತ ತಾನೇ?"

ವಾಹನದ ವೈರಿಂಗ್ ಇವರ ಕಸುಬು. ಅಂಗಡಿಯಿಲ್ಲ, ಬೋರ್ಡಿಲ್ಲ. ನಾಲ್ಕೂವರೆಗೆ ಏಳುತ್ತಾರೆ, ಐದಕ್ಕೆ ಫೋನು ಬಡಿದುಕೊಳ್ಳಲು ಶುರು. ಕೆಲಸಕ್ಕೆ ಹೊರಟವರ ಗಾಡಿ ಕೈಕೊಡುವುದು ಬೆಳಗ್ಗೆಯೇ. ಎಂಟೂವರೆಯೊಳಗೆ ನಾಲ್ಕು ಮನೆ, ಚಳಿಗಾಲವಾದರೆ ಏಳು. ಸ್ಕೂಟರಿನ ಡಬ್ಬಿಯಲ್ಲಿ ಒಂದು ಟೆಸ್ಟ್ ಲ್ಯಾಂಪು, ಮೀಟರು, ಮೂರು ಸ್ಪ್ಯಾನರು, ಉಪ್ಪುಕಾಗದ, ಒಂದು ಡಬ್ಬಿ ತುಂಬ ಬಣ್ಣಬಣ್ಣದ ಫ್ಯೂಸುಗಳು. ಅಷ್ಟರಲ್ಲಿ ಎಲ್ಲ ಮುಗಿಯುತ್ತದೆ. ಇವರು ಹೇಳುವ ಪ್ರಕಾರ ಸ್ಟಾರ್ಟ್ ಆಗದ ಹತ್ತು ಗಾಡಿಗಳಲ್ಲಿ ಆರಕ್ಕೆ ಬ್ಯಾಟರಿಯ ಕ್ಲಾಂಪಿನದೇ ರೋಗ. ಎರಡಕ್ಕೆ ಬ್ಯಾಟರಿ ನಿಜವಾಗಿಯೂ ಮುಗಿದಿರುತ್ತದೆ. ಒಂದರಲ್ಲಿ ರಾತ್ರಿ ಯಾರೋ ದೀಪ ಆರಿಸಲು ಮರೆತಿರುತ್ತಾರೆ, "ಗಂಡನ್ನ ಕೇಳಿದ್ರೆ ಹೆಂಡತಿ ಅಂತಾನೆ, ಹೆಂಡತೀನ ಕೇಳಿದ್ರೆ ಗಂಡ ಅಂತಾಳೆ." ಉಳಿದ ಒಂದೇ ಒಂದಕ್ಕೆ ತಲೆ ಬೇಕು.

ಅದಕ್ಕೇ ಮೊದಲು ಕೈಹಾಕುವುದಿಲ್ಲ, ಕೇಳುತ್ತಾರೆ. ನಿನ್ನೆ ಸರಿಯಿತ್ತೇ? ಗಾಡಿ ತೊಳೆದಿರೇ? ಹೊಸದಾಗಿ ಏನಾದರೂ ಹಾಕಿಸಿದಿರೇ? ಹಾರ್ನ್ ಕೂಗದಿದ್ದರೆ ಪಕ್ಕದಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇ, ಅಂದರೆ ಕರೆಂಟಿನ ಪುಟ್ಟ ಸ್ವಿಚ್ಚು, ಕಿತ್ತು ಅದರ ಜಾಗಕ್ಕೆ ಹಾಕಿ ನೋಡಿಸುತ್ತಾರೆ, ಕೂಗಿದರೆ ಕಳ್ಳ ಸಿಕ್ಕಿದ ಹಾಗೆ. ಸುಟ್ಟ ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ ಸಾಹಸಿಗಳನ್ನು ಕಂಡರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. "ಫ್ಯೂಸ್ ಪಾಪ ನಿಮಗೋಸ್ಕರ ಸತ್ತಿದೆ. ಅದಕ್ಕೆ ಬೆಳ್ಳಿ ಕಾಗದ ಸುತ್ತಿ ಎಬ್ಬಿಸಿದ್ರೆ ಮುಂದಿನ ಸಲ ಗಾಡೀನೇ ಸುಟ್ಟೋಗುತ್ತೆ."

ಮಾಲೀಕರ ಕೈಯಲ್ಲೇ ಕೆಲಸ ಮಾಡಿಸುವುದು ಯಾಕೆ ಎಂದರೆ ಮೊದಲ ಉತ್ತರ ಸುಲಭದ್ದು: "ನಾನು ಮುಟ್ಟಿದ್ರೆ ನಾಳೆ ಮತ್ತೆ ನಾನೇ ಬರಬೇಕು." ಎರಡನೆಯ ಉತ್ತರಕ್ಕೆ ಮಾತ್ರ ಸ್ವಲ್ಪ ಕಾಯಬೇಕಾಗುತ್ತದೆ.

ಮನೆ ಎರಡು ಕೋಣೆಯದು. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಅದರ ಪಕ್ಕದ ಬೆಂಚಿನ ಮೇಲೆ ಹಳೆಯ ಡೈನಮೋಗಳು. ಬಟ್ಟೆಯ ಚೂರೂ ತಾಮ್ರದ ತಂತಿಯ ಚೂರೂ ಒಂದೇ ಪೊರಕೆಗೆ ಸಿಗುತ್ತವೆ. ಎದುರು ಗೋಡೆಯಲ್ಲಿ ತಂದೆಯ ಫೋಟೋ. ಲಾರಿ ರಿಪೇರಿಯ ಶೆಡ್ಡು ನಡೆಸುತ್ತಿದ್ದ ಆ ಮನುಷ್ಯ ಹಿರಿಯ ಮಗನ ಕೈಗೆ ಸ್ಪ್ಯಾನರ್ ಕೊಟ್ಟರು. ಕಿರಿಯವನಿಗೆ ಉಬ್ಬಸ, ತೂಕ ಎತ್ತಲಾಗದು. "ನೀನು ಮುಟ್ಟಬೇಡ, ಕೈ ಕಟ್ಟಿ ನಿಂತ್ಕೊಂಡು ನೋಡು" ಎಂದರು. ನಾಲ್ಕು ವರ್ಷ ಹಾಗೆ ನಿಂತದ್ದಾಯಿತು, ಎರಡನೆಯ ಉತ್ತರ ಇದೇ. ಆಮೇಲೆ ಹಗುರದ ಕೆಲಸವೆಂದು ವೈರಿನ ಸುರುಳಿ ಕೈಗೆ ಬಂತು.

"ಅಣ್ಣನ ಕೈ ಮೊಣಕೈವರೆಗೂ ಕಪ್ಪಗಿರ್ತಿತ್ತು. ಸೋಪು ಹಾಕಿ ಉಜ್ಜಿದ್ರೂ ಗೆರೆಗಳಲ್ಲಿ ಉಳ್ಕೊಳ್ತಿತ್ತು. ಗಿರಾಕಿ ಬಂದ್ರೆ ಮೊದಲು ನೋಡೋದೇ ಕೈ. ಕಪ್ಪು ಕೈ ಕಂಡ್ರೆ, ಪಾಪ ಎಷ್ಟು ಕಷ್ಟಪಟ್ಟಿದ್ದಾನೆ ಅಂತಾರೆ. ನನ್ನದು ಬೆಳ್ಳಗೇ ಇರ್ತಿತ್ತು. ಬೆಳ್ಳನೆ ಕೈಗೆ ಯಾರು ಮರ್ಯಾದೆ ಕೊಡ್ತಾರೆ?"

ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳುತ್ತಾರೆ: "ಗ್ರೀಸಿಂದು ಹೇಳ್ರೀ."

"ಅದ್ಯಾಕೆ ಈಗ?"

"ಹೇಳಿ, ಹೇಳಿ. ಹೊಟ್ಟೆಕಿಚ್ಚಲ್ಲಿ ಇವ್ರು ಗಾಡಿ ಕೊಡೋ ಮುಂಚೆ ಅಣ್ಣನ ಡಬ್ಬಿಯಿಂದ ಗ್ರೀಸು ತಗೊಂಡು ಕೈಗೆ ಸವರ್ಕೋತಿದ್ರು. ಮದುವೆಗೆ ಮುಂಚೆ ನಮ್ಮಪ್ಪನ ಗಾಡಿ ರಿಪೇರಿಗೆ ಹೋಗಿತ್ತು. ಕೈ ನೋಡಿ, ಹುಡುಗ ಕಷ್ಟಜೀವಿ ಅಂದ್ಕೊಂಡು ನಮ್ಮಪ್ಪ ನನ್ನ ಕೊಟ್ಟಿದ್ದು. ಇದು ಮೋಸದ ಮದುವೆ."

ಆಕೆ ನಗುತ್ತಾರೆ. ಇವರೂ ನಗುತ್ತಾರೆ, ಆದರೆ ಅರ್ಧ ಕ್ಷಣ ತಡವಾಗಿ.

ತಂದೆ ಹೋದ ಮೇಲೆ ಶೆಡ್ಡು ಗ್ಯಾರೇಜಾಯಿತು, ಬೋರ್ಡಿನ ಮೇಲೆ ಅಣ್ಣನ ಹೆಸರು ಬಂತು. ಒಳಗಿನ ಮೂಲೆಯಲ್ಲಿ ಇವರ ಬೆಂಚು. ಇಬ್ಬರೂ ಹಾಗೇ ಇಪ್ಪತ್ತಾರು ವರ್ಷ ದುಡಿದರು. ಒಂಬತ್ತು ವರ್ಷದ ಹಿಂದೆ ಒಂದು ಕಾರು ಬಂತು. ಓಡುತ್ತ ಓಡುತ್ತ ತಾನಾಗಿಯೇ ನಿಂತುಬಿಡುತ್ತಿತ್ತು. ಅಣ್ಣ ಎರಡು ತಿಂಗಳಲ್ಲಿ ಮೂರು ಸಲ ಎಂಜಿನ್ ಬಿಚ್ಚಿ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಂಜಿನ್ನಿನಲ್ಲಿ ರೋಗವೇ ಇರಲಿಲ್ಲ. ಊಟದ ಹೊತ್ತಿನಲ್ಲಿ ಇವರು ಬಗ್ಗಿ ನೋಡಿದಾಗ ಎಂಜಿನ್ನಿನಿಂದ ಗಾಡಿಯ ಮೈಗೆ ಕಟ್ಟಿದ ಅರ್ತ್ ಪಟ್ಟಿ ತುಕ್ಕು ಹಿಡಿದು ಒಂದೆರಡು ಎಳೆಯಲ್ಲಿ ನೇತಾಡುತ್ತಿತ್ತು. ಹೋದ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕಲ್ಲ, ಬರುವ ದಾರಿಯೇ ಕಡಿದಿತ್ತು. ಹತ್ತಿಪ್ಪತ್ತು ನಿಮಿಷದಲ್ಲಿ ಬೇರೆ ಹಾಕಿದರು. ಸಂಜೆ ಬಂದ ಗಿರಾಕಿ ಅಣ್ಣನ ಎರಡೂ ಕೈ ಹಿಡಿದುಕೊಂಡು, ಯಜಮಾನರೇ ಉಳಿಸಿದಿರಿ ಎಂದ.

"ಅಣ್ಣ ಸುಳ್ಳು ಹೇಳಲಿಲ್ಲ. ನಾನೇ ಮಾಡಿದ್ದು ಅಂತ ಅನ್ನಲಿಲ್ಲ. ಸುಮ್ಮನಿದ್ದ. ಸುಮ್ಮನೆ ನಕ್ಕ, ಅಷ್ಟೆ."

ಮರುದಿನ ಇವರು ಗ್ಯಾರೇಜಿಗೆ ಹೋಗಲಿಲ್ಲ. ಜಗಳವಾಗಲಿಲ್ಲ, ಒಂದು ಏರುದನಿಯೂ ಇರಲಿಲ್ಲ. ಆ ಬಳಿಕದ ಒಂಬತ್ತು ವರ್ಷ ಅಣ್ಣ ತಮ್ಮ ಒಬ್ಬರ ಮನೆಗೊಬ್ಬರು ಹೋಗಿ ಬಂದಿದ್ದಾರೆ, ಜ್ವರ ನೆಗಡಿ ವಿಚಾರಿಸಿದ್ದಾರೆ, ಮಕ್ಕಳ ಓದಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದಾರೆ. ಗಾಡಿಯ ವಿಷಯ ಮಾತ್ರ ಇಬ್ಬರ ಬಾಯಿಗೂ ಬಂದಿಲ್ಲ. ಮನೆಯಲ್ಲಿ ಸತ್ತವರ ಹೆಸರನ್ನು ಎತ್ತದೆ ಇರುವ ಹಾಗೆ.

ಅಷ್ಟರಲ್ಲಿ ಕಾಲ ಬದಲಾಯಿತು. ಹೊಸ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ನು ಪ್ಲಾಸ್ಟಿಕ್ ಮುಚ್ಚಳದಡಿ ಅಡಗಿರುತ್ತದೆ, ಕಣ್ಣಿಗೆ ಬೀಳುವುದೆಲ್ಲ ವೈರು, ಸೆನ್ಸರು. ಬಿಚ್ಚಿ ಕಟ್ಟುವ ಎಂಜಿನ್ನುಗಳು ತಿಂಗಳಿಗೆ ಒಂದೋ ಎರಡೋ ಬರುತ್ತವೆ. ಮೊದಲು ಹದಿನೈದು ಗಾಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ನಾಲ್ಕು. ಲೆಕ್ಕಪತ್ರ, ಗಿರಾಕಿ, ಬಿಡಿಭಾಗ ಎಲ್ಲವನ್ನೂ ನೋಡಿಕೊಳ್ಳುವ ಅಣ್ಣನ ಮಗಳು ಈ ವರ್ಷದ ಆರಂಭದಲ್ಲೇ ಚಿಕ್ಕಪ್ಪನ ಮನೆಗೆ ಬಂದು ನೇರವಾಗಿ ಕೇಳಿದಳು. ವೈರಿಂಗ್ ನೋಡುವವರು ಸಿಗದಿದ್ದರೆ ಈ ಬೇಸಿಗೆ ದಾಟುವುದಿಲ್ಲ, ಶಟರ್ ಎಳೆಯುವುದೇ.

"ನಿಮ್ಮಪ್ಪ ಕರೆದ್ರಾ?" ಎಂದು ಇವರು ಕೇಳಿದರು.

"ನಾನು ಕರೀತಿದೀನಲ್ಲ ಚಿಕ್ಕಪ್ಪ."

"ನೀನು ಕರೆದ್ರೆ ಕಾಫಿಗೆ ಬರ್ತೀನಿ. ಕೆಲಸಕ್ಕೆ ಅವನು ಕರೀಬೇಕು. ಬಾಯಿಬಿಟ್ಟು."

"ನೀವಿಬ್ರೂ ಒಂದೇ ಅಚ್ಚು. ಅವರು, ಅವನೇ ಬರ್ತಾನೆ ನೋಡು ಅಂತಾರೆ. ನೀವು, ಅವನೇ ಕರೀಲಿ ಅಂತೀರ. ಮಧ್ಯದಲ್ಲಿ ನಾನು ಶಟರ್ ಹಿಡ್ಕೊಂಡು ನಿಂತಿರ್ಬೇಕಾ?"

ಇವರು ಹೋಗಲಿಲ್ಲ. ಒಳಗೊಳಗೆ ಒಂದು ಖುಷಿ ಇತ್ತೆಂದು ಈಗ ಒಪ್ಪಿಕೊಳ್ಳುತ್ತಾರೆ. ಸಂಜೆ ಆ ದಾರಿಯಲ್ಲಿ ಹೋಗುವಾಗ ಅಂಗಳದ ಗಾಡಿಗಳನ್ನು ಎಣಿಸುತ್ತಿದ್ದರಂತೆ. "ಐದು ಇದ್ದದ್ದು ನಾಲ್ಕಾದ್ರೆ ಅವತ್ತು ಊಟ ಚೆನ್ನಾಗಿ ಸೇರ್ತಿತ್ತು. ಸ್ವಂತ ಅಣ್ಣ ಕಣ್ರೀ. ಇಂಥ ಊಟ ಯಾರು ಮಾಡ್ತಾರೆ?"

ಕಳೆದ ತಿಂಗಳು, ಒಂದು ಬುಧವಾರ, ಅಣ್ಣನ ಮಗಳ ಫೋನು ಬಂತು. ದನದ ಡಾಕ್ಟರೊಬ್ಬರ ಕಾರು. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಬ್ಯಾಟರಿ ಬರಿದು. ಎರಡು ಬ್ಯಾಟರಿ ಬದಲಾಯಿಸಿದ್ದಾಗಿದೆ. ಅಪ್ಪ ಮೂರು ದಿನದಿಂದ ಅದರ ಹಿಂದೆಯೇ ಬಿದ್ದಿದ್ದಾರೆ, ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ. ಡಾಕ್ಟರಿಗೆ ಹಳ್ಳಿಗಳಿಗೆ ಹೋಗಲು ಬೇರೆ ಗಾಡಿಯಿಲ್ಲ, ಇವತ್ತು ಆಗದಿದ್ದರೆ ಬೇರೆ ಕಡೆ ಒಯ್ಯುತ್ತೇನೆ ಎಂದಿದ್ದಾರೆ. "ಕಾಫಿಗೆ ಬನ್ನಿ ಚಿಕ್ಕಪ್ಪ" ಎಂದಳಂತೆ ಹುಡುಗಿ. ಇವರು ಹೋದರು.

ಅಣ್ಣ ವೈರಿಂಗಿನವರು ಮಾಡುವ ಪರೀಕ್ಷೆಯನ್ನೇ ಮಾಡಿದ್ದರು. ಬ್ಯಾಟರಿಯ ಮೈನಸ್ ಬಿಚ್ಚಿ ನಡುವೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿದ್ದರು. ಗಾಡಿ ಮಲಗಿದ್ದಾಗಲೂ ಯಾರೋ ಕರೆಂಟು ಕುಡಿಯುತ್ತಿದ್ದರೆ ಲ್ಯಾಂಪ್ ಉರಿಯುತ್ತದೆ. ಉರಿಯುತ್ತಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರೆ ಕಳ್ಳ ಇರುವ ದಾರಿಯ ಫ್ಯೂಸಿಗೆ ಲ್ಯಾಂಪ್ ಆರುತ್ತದೆ. ಒಳದೀಪದ ಫ್ಯೂಸಿಗೆ ಆರಿತು. ಸರಿ, ಚಾವಣಿಯ ವೈರೇ ಎಲ್ಲೋ ಸುಲಿದಿದೆ ಎಂದು ಅಣ್ಣ ಚಾವಣಿಯ ಬಟ್ಟೆಯನ್ನೆಲ್ಲ ಇಳಿಸಿ, ಮೂರು ದಿನ ವೈರನ್ನು ಬೆರಳು ಬೆರಳಷ್ಟು ಸವರಿದ್ದರು. ಫ್ಯೂಸಿನ ಡಬ್ಬಿ ಸ್ಟೀರಿಂಗಿನ ಕೆಳಗಿತ್ತು. ಅದನ್ನು ಮುಟ್ಟಬೇಕಾದರೆ ಡ್ರೈವರ್ ಕಡೆಯ ಬಾಗಿಲು ತೆರೆದಿರಬೇಕು. ಬಾಗಿಲು ತೆರೆದರೆ ಒಳದೀಪ ಹತ್ತುತ್ತದೆ. ಬಟ್ಟೆ ಇಳಿಸಿದ ಚಾವಣಿಯಿಂದ ಆ ದೀಪ ವೈರಿಗೆ ಜೋತುಬಿದ್ದು ಅಣ್ಣನ ಕಣ್ಣೆದುರೇ ಉರಿಯುತ್ತಿತ್ತು. ಬಾಗಿಲು ತೆರೆದಾಗ ಉರಿಯುವುದು ಅದರ ಧರ್ಮ, ಹಾಗಾಗಿ ಟೆಸ್ಟ್ ಲ್ಯಾಂಪನ್ನು ಉರಿಸುತ್ತಿರುವುದು ಅದೂ ಇರಬಹುದೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಈ ಕಸುಬಿಗೆ ಹೊಸದಾಗಿ ಬಂದವರೆಲ್ಲ ಒಮ್ಮೆ ಮಾಡುವ ತಪ್ಪು ಇದು. ಅರವತ್ತೆರಡರ ಅಣ್ಣ, ಬೋರ್ಡಿನ ಮೇಲೆ ಹೆಸರಿರುವ ಅಣ್ಣ, ಮಾಡಿದ್ದರು.

"ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಯ್ತು. ಒಂದು ಮಾತು ಸಾಕಿತ್ತು. ಅಣ್ಣ, ಬಾಗಿಲು ನೋಡು. ಅಷ್ಟೇ." ಇವರು ಸ್ವಲ್ಪ ಹೊತ್ತು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾರೆ. "ಹೇಳಲಿಲ್ಲ. ಕೈ ಕಟ್ಕೊಂಡು ನಿಂತೆ. ಅಣ್ಣ ಸೀಟಿನ ಮೇಲೆ ಅಂಗಾತ ಮಲಗಿ ವೈರು ಸವರ್ತಾ ಇದ್ದ. ಕನ್ನಡಕ ಜಾರಿ ಜಾರಿ ಬೀಳ್ತಿತ್ತು, ಭುಜದಿಂದ ಮೇಲಕ್ಕೆ ತಳ್ಳೋನು. ನನಗೆ ನೋಡೋಕೆ ಹಿತವಾಗಿತ್ತು. ಗೋಡೆ ಗಡಿಯಾರ ಎದುರಿಗೇ ಇತ್ತು. ಹತ್ತು ನಿಮಿಷ."

ಹೊಲಿಗೆ ಯಂತ್ರ ಸುಮ್ಮನಿದೆ. ಈ ಮಾತನ್ನು ಹೆಂಡತಿಯೂ ಇವತ್ತೇ ಕೇಳುತ್ತಿರುವಂತಿದೆ.

ಹತ್ತು ನಿಮಿಷದ ಮೇಲೆ ಅಣ್ಣ ಏಳಲು ಹೋಗಿ, ಸೊಂಟ ಹಿಡಿದುಕೊಂಡು, ಏಳಲಾಗದೆ ಹಾಗೇ ಕೂತರು. ಆಗ ಇವರ ಕೈ ಬೆನ್ನ ಹಿಂದಿನಿಂದ ತಾನಾಗಿ ಮುಂದೆ ಬಂತು. ಅಣ್ಣನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದರು. ಸ್ಕ್ರೂಡ್ರೈವರಿನ ತುದಿಯಿಂದ ತೆರೆದ ಬಾಗಿಲಿನ ಚಿಲಕವನ್ನು ಒತ್ತಿದರು. ಬಾಗಿಲು ಮುಚ್ಚಿತೆಂದು ಗಾಡಿ ನಂಬಿತು, ಜೋತುಬಿದ್ದ ದೀಪ ಆರಿತು. ಟೆಸ್ಟ್ ಲ್ಯಾಂಪ್ ಮಾತ್ರ ಪೂರ್ತಿ ಆರಲಿಲ್ಲ, ಕೆಂಪಗೆ ಉಳಿಯಿತು. ಅಂದರೆ ಅದೇ ಫ್ಯೂಸಿನ ದಾರಿಯಲ್ಲಿ ಇನ್ನೊಬ್ಬ ಇದ್ದಾನೆ. ಹಿಂದಿನ ಸೀಟಿನ ಬೆನ್ನು ಮಡಚಿ ಇಬ್ಬರೂ ಇಣುಕಿದರು. ಮುಚ್ಚಿದ ಡಿಕ್ಕಿಯೊಳಗೆ, ಔಷಧಿಯ ಪೆಟ್ಟಿಗೆಗಳ ಮೇಲೆ, ಒಂದು ಪುಟ್ಟ ದೀಪ ಹಗಲೂ ರಾತ್ರಿ ಯಾರಿಗೂ ಕಾಣದೆ ಉರಿಯುತ್ತಿತ್ತು. ಅದರ ಸ್ವಿಚ್ಚು ಸಿಕ್ಕಿಕೊಂಡಿತ್ತು.

ತಮ್ಮ ಕೈಚಾಚಿ ಸ್ವಿಚ್ಚನ್ನು ಬಿಡಿಸಿದರು, ಆ ದೀಪವೂ ಆರಿತು. ಅಷ್ಟರಲ್ಲಿ ಡಾಕ್ಟರು ಬಂದರು. ಟೆಸ್ಟ್ ಲ್ಯಾಂಪ್ ಆರಿರುವುದನ್ನು ಹುಡುಗಿ ತೋರಿಸಿದಳು. "ಆಯ್ತಾ? ಯಜಮಾನ್ರೇ, ನಿಮ್ಮ ಕೈಗುಣ ಕೈಗುಣಾನೇ ಬಿಡಿ" ಎಂದು ಡಾಕ್ಟರು ಅಣ್ಣನ ಭುಜ ತಟ್ಟಿದರು.

"ಒಂಬತ್ತು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತಿದ್ದೆ ನಾನು. ಮನಸ್ಸಲ್ಲಿ ಅಂದ್ಕೊಂಡೆ, ಈಗ ನಗ್ತಾನೆ ನೋಡು. ನಕ್ಕರೆ ಮುಗೀತು, ಈ ಮೆಟ್ಟಿಲು ಮತ್ತೆ ಹತ್ತಲ್ಲ ಅಂತ."

ಅಣ್ಣ ನಗಲಿಲ್ಲ. ಸ್ಟೂಲಿನ ಮೇಲೆ ಕೂತೇ ಹೇಳಿದರಂತೆ: "ನನ್ನ ಕೈಗುಣ ಅಲ್ಲ ಡಾಕ್ಟ್ರೇ. ನಾನು ಮೂರು ದಿನ ನಿಮ್ಮ ಗಾಡಿ ಚರ್ಮ ಸುಲಿದೆ, ಅಷ್ಟೇ. ನೋಡಿದ್ದು ನನ್ನ ತಮ್ಮ. ಈ ಕೆಲಸ ನನಗೆ ಬರಲ್ಲ." ಆಮೇಲೆ ತಮ್ಮನ ಕಡೆ ತಿರುಗಿ, "ನಾಳೆಯಿಂದ ಬಾರೋ. ನನ್ನ ಕೈಲಿ ಆಗ್ತಿಲ್ಲ" ಎಂದರು.

ಗ್ಯಾರೇಜಿನ ಶಟರ್ ಈಗ ಮೇಲೆಯೇ ಇದೆ. ಬೆಳಗಿನ ಮನೆಮನೆ ಸುತ್ತಾಟ ಮುಗಿಸಿ, ಒಂಬತ್ತೂವರೆಗೆಲ್ಲ ಇವರು ಅಲ್ಲಿರುತ್ತಾರೆ. ಅಂಗಳದಲ್ಲಿ ಮೊನ್ನೆ ಏಳು ಗಾಡಿ ಇದ್ದವು. ಭಾನುವಾರ ಮನೆಯ ಮುಂದೆ ಐದಾರು ಜನ ಕಾರಿನವರನ್ನು ಕೂರಿಸಿಕೊಂಡು ಫ್ಯೂಸು, ರಿಲೇ, ಕ್ಲಾಂಪುಗಳ ಪಾಠ ಹೇಳುವುದೂ ನಿಂತಿಲ್ಲ. ಎಲ್ಲರೂ ತಾವೇ ರಿಪೇರಿ ಕಲಿತರೆ ಗ್ಯಾರೇಜಿಗೆ ಯಾರು ಬರುತ್ತಾರೆ ಎಂದು ಅಣ್ಣ ಗೊಣಗುತ್ತಾರೆ. ಆ ಗೊಣಗಾಟವೂ ಗಾಡಿಯ ಮಾತೇ ಅಲ್ಲವೇ ಎಂದು ಮಗಳಿಗೆ ಸಮಾಧಾನ.

ಅಣ್ಣ ಬಾಯಿಬಿಟ್ಟು ಕರೆದಾಗ ಹೊಟ್ಟೆಯ ಕಿಚ್ಚು ಆರಿತೇ ಎಂಬ ಪ್ರಶ್ನೆ ಕೇಳಲೇಬೇಕಾಗುತ್ತದೆ. ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗುವ ಸದ್ದಿಗೆ ಕಿವಿ ತಾನಾಗಿ ಅತ್ತ ತಿರುಗುತ್ತದೆ, ಅದು ಹೊರಟುಹೋದ ಮೇಲೆ ಮುಖ ಇತ್ತ ಬರುತ್ತದೆ.

"ಹೆಚ್ಚಾಯ್ತು. ಇಷ್ಟು ದಿನ ಅವನ ಕೆಲಸದ ಮೇಲೆ ಇತ್ತು. ಈಗ ಆ ಮಾತಿನ ಮೇಲೆ. ನನಗೆ ಬರಲ್ಲ ಅಂತ ನಾಲ್ಕು ಜನರ ಮುಂದೆ ಎಷ್ಟು ಸಲೀಸಾಗಿ ಹೇಳ್ಬಿಟ್ಟ ನೋಡಿ. ಅವನ ಜಾಗದಲ್ಲಿ ನಾನಿದ್ದಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಅದರಲ್ಲೂ ಅವನೇ ಗೆದ್ದ."

ಆ ಹತ್ತು ನಿಮಿಷದ ವಿಷಯ ಅಣ್ಣನಿಗೆ ಇನ್ನೂ ಗೊತ್ತಿಲ್ಲ. ಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ ಹತ್ತಾರು ಸಲ ತುದಿ ನಾಲಿಗೆಗೆ ಬಂದು ಹಿಂದೆ ಹೋಗಿದೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅಣ್ಣ ಬಗ್ಗುವುದನ್ನು ಕಂಡಾಗಲಂತೂ ಇವರು ಬೇರೆ ಕಡೆ ನೋಡುತ್ತಾರೆ.

"ಅಣ್ಣ ನಿಮ್ಮ ಪೇಪರ್ ಓದ್ತಾನೆ. ಭಾನುವಾರ ಮೊದಲಿಂದ ಕೊನೇವರೆಗೂ, ಒಂದಕ್ಷರ ಬಿಡಲ್ಲ. ಬರೀರಿ. ಆ ಹತ್ತು ನಿಮಿಷದ್ದೂ ಬರೀರಿ, ಗೊತ್ತಿದ್ದೂ ನಿಂತಿದ್ದ ಅಂತ. ನನ್ನ ಬಾಯಲ್ಲಿ ಬರಲ್ಲ ಅದು."

ಇಷ್ಟು ಹೇಳಿ ಎದ್ದು ನಿಲ್ಲುತ್ತಾರೆ. ಬಾಗಿಲವರೆಗೂ ಬಂದು, ಒಮ್ಮೆ ಬೀದಿಯ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸುತ್ತಾರೆ.

"ಆದ್ರೆ ಫೋಟೋ ನಂದೊಂದೇ ಹಾಕಿ. ಅಣ್ಣಂದು ಬೇಡ."